ರವಿವಾರ ಬರುವ ಅಕ್ಕೋರು

ಈ ಜಾಗದ ಹೆಸರು ಬರೆಯುವುದಿಲ್ಲ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಇವುಗಳಲ್ಲಿ ಒಂದು ತಾಲ್ಲೂಕು ಎಂದು ಇಟ್ಟುಕೊಳ್ಳಿ, ಯಾವುದು ಅನ್ನುವುದು ಬೇಡ. ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಅಚ್ಚು ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಣ್ಣ ಊರಿನಲ್ಲಿ ಗೇಟಿನ ಬಣ್ಣ ಹೇಳಿದರೂ ಜನ ಪತ್ತೆ ಹಚ್ಚಿಬಿಡುತ್ತಾರೆ. ಹಾಗಾಗಿ ಗೇಟಿನ ಬಣ್ಣ ಬಿಟ್ಟು ಒಳಗೆ ಹೋಗೋಣ. ಮುಂದೆ ಬರುವ ಮಕ್ಕಳ ವಿವರಗಳನ್ನೂ ಬೇಕೆಂದೇ ಅದಲುಬದಲು ಮಾಡಿದ್ದೇನೆ.

ಊರು ಮುಗಿದು ಎರೆಹೊಲ ಶುರುವಾಗುವ ಕಡೆ ಈ ಮಕ್ಕಳ ಮನೆ ಇದೆ. ಗೇಟಿನ ಪಕ್ಕದ ಗೋಡೆಯ ಮೇಲೆ 1098 ಎಂಬ ಮಕ್ಕಳ ಸಹಾಯವಾಣಿಯ ಅಂಕಿಗಳನ್ನು ಆಳೆತ್ತರ ಬರೆಸಿದ್ದಾರೆ. ಅದರ ಕೆಳಗೆ ಕಾವಲುಗಾರನ ಮೇಜು, ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್. ಬಂದವರ ಹೆಸರು, ಊರು, ಮಗುವಿಗೆ ಏನಾಗಬೇಕು, ಬಂದ ವೇಳೆ, ಹೋದ ವೇಳೆ. ಹಿಂದಿನ ಪುಟ ತಿರುವಲು ಬಿಡಲಿಲ್ಲ, ಅದು ಸರಿಯೇ. ತೆರೆದಿದ್ದ ಪುಟದಲ್ಲಿ ‘ಏನಾಗಬೇಕು’ ಎಂಬ ಅಂಕಣದ ಕೆಳಗೆ ಆಯಿ, ಆಯಿ, ಅವ್ವ, ಸೋದರತ್ತಿ, ಆಯಿ ಎಂದಿತ್ತು. ಸಹಿಗಿಂತ ಹೆಬ್ಬೆಟ್ಟು ಹೆಚ್ಚು. ‘ಅಪ್ಪ’ ಅನ್ನುವುದು ಒಂದೂ ಕಾಣಲಿಲ್ಲ. ಒಂದೇ ಪುಟ ನೋಡಿ ಏನನ್ನಾದರೂ ತೀರ್ಮಾನಿಸುವುದು ತಪ್ಪು, ಆದರೂ ಕಣ್ಣಿಗೆ ಬಿದ್ದದ್ದು ಅದು.

ನನ್ನನ್ನು ಕರೆದುಕೊಂಡು ಬಂದವರು ಆ ಅಂಕಣದಲ್ಲಿ ‘ಸ್ವಯಂಸೇವಕಿ’ ಎಂದು ಬರೆದರು. ಇಲ್ಲಿನ ಮಕ್ಕಳಿಗೆಲ್ಲ ಅವರು ಅಕ್ಕೋರು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ಕೊರಳಲ್ಲಿ ಕಾನೂನು ನೆರವಿನ ಕಡೆಯವರು ಕೊಟ್ಟ ಗುರುತಿನ ಚೀಟಿ, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಒಂದು ನೋಟುಪುಸ್ತಕವಿದೆ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದಲ್ಲಿ ಇವರು ಮಾಡುವ ಕೆಲಸಕ್ಕೆ ಒಂದು ಹೆಸರು, ನ್ಯಾಯಾಲಯದಲ್ಲಿ ಒಂದು ಕುರ್ಚಿ ಇದೆ. ತಂದೆತಾಯಿಯಿಂದ ಬೇರೆಯಾಗಿ ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳ ಬಗ್ಗೆ ಕಾಗದ ನೋಡಿ ಆದೇಶ ಬರೆಯುವುದು ಸಾಕಾಗುತ್ತಿಲ್ಲ ಅನ್ನಿಸಿ, 1977ರಲ್ಲಿ ಸಿಯಾಟಲ್ ನಗರದ ನ್ಯಾಯಾಧೀಶರೊಬ್ಬರು ಸಾಮಾನ್ಯ ನಾಗರಿಕರಿಗೇ ತರಬೇತಿ ಕೊಡಿಸಿ, ಮಗುವಿನ ಪರವಾಗಿ ಮಾತಾಡಲು ನೇಮಿಸತೊಡಗಿದರು. ನಮ್ಮಲ್ಲಿ ಅದು ತುಂಡುತುಂಡಾಗಿ ಇದೆ. 2009ರಿಂದ ಅರೆಕಾನೂನು ಸ್ವಯಂಸೇವಕರು ಇದ್ದಾರೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ, ಅಂದರೆ ಪೋಕ್ಸೊ ಪ್ರಕರಣವಾದರೆ 2020ರ ನಿಯಮಗಳ ಪ್ರಕಾರ ಮಗುವಿನ ಜತೆ ‘ಬೆಂಬಲ ವ್ಯಕ್ತಿ’ ನಿಲ್ಲುತ್ತಾರೆ. ಮಗುವನ್ನು ಕೆಲಕಾಲ ಇಟ್ಟುಕೊಳ್ಳಲು ಮಕ್ಕಳ ಕಲ್ಯಾಣ ಸಮಿತಿ ಒಪ್ಪಿದವರು ‘ಯೋಗ್ಯ ವ್ಯಕ್ತಿ’. ಅಕ್ಕೋರು ಇವುಗಳಲ್ಲಿ ಮೊದಲ ಎರಡು. ಉಳಿದದ್ದನ್ನು ಯಾರೂ ಹೇಳದೆ ತಾವೇ ಮಾಡುತ್ತಾರೆ.

ಗೇಟು ದಾಟಿದರೆ ಪಡಸಾಲೆ. ಮೊದಲು ಕಾಣುವುದು ಒಂದು ತೊಟ್ಟಿಲು, ಮೇಲೆ ‘ಮಮತೆಯ ತೊಟ್ಟಿಲು’ ಎಂಬ ಫಲಕ. ಬೇಡವಾದ ಕೂಸನ್ನು ತಿಪ್ಪೆಯಲ್ಲಿ, ಮುಳ್ಳುಕಂಟಿಯಲ್ಲಿ ಬಿಡುವ ಬದಲು ಇಲ್ಲಿ ಮಲಗಿಸಿ ಹೋಗಿ, ಯಾರೂ ಕೇಳುವುದಿಲ್ಲ ಎನ್ನುವ ವ್ಯವಸ್ಥೆ. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಕೊಟ್ಟು, ರಾಮಾಯಣದ, ಕೃಷ್ಣನ ಬಾಲಲೀಲೆಯ ಚಿತ್ರ ಬರೆದ ಕಲಘಟಗಿ ತೊಟ್ಟಿಲು ಹೆಸರಾದ ಜಿಲ್ಲೆ ಇದು. ಇಲ್ಲಿರುವುದು ಕಬ್ಬಿಣದ್ದು, ಆಸ್ಪತ್ರೆಯ ಬಿಳಿ ಬಣ್ಣದ್ದು. ಹಾಸಿದ್ದ ಬಟ್ಟೆ ಮಾತ್ರ ಒಗೆದು ಮಡಿಚಿಟ್ಟಂತೆ ಸ್ವಚ್ಛವಾಗಿತ್ತು. ಇತ್ತೀಚೆಗೆ ಅದರಲ್ಲಿ ಯಾವುದಾದರೂ ಕೂಸು ಮಲಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಹೀಗೆ ಸಿಕ್ಕ ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಹೆತ್ತವರನ್ನು ಹುಡುಕಿ ನೋಡಿ, ಸಿಗದಿದ್ದರೆ ದತ್ತಕ್ಕೆ ಮುಕ್ತ ಎಂದು ಸಮಿತಿ ಘೋಷಿಸಬೇಕು. ಅಂಥ ಕೂಸುಗಳಿಗೆ ಕಾಯುವವರ ಸಾಲು ಉದ್ದವಿದೆ. ಅಕ್ಕೋರ ಚಿಂತೆ ಅವುಗಳದ್ದಲ್ಲ. ಆಯಿ ಇದ್ದೂ ಮನೆ ಇಲ್ಲದ, ಅವ್ವ ಇದ್ದೂ ಅನ್ನ ಇಲ್ಲದ, ದತ್ತಕ್ಕೂ ಹೋಗದ, ಊರಿಗೂ ಹೋಗದ ಎಂಟು, ಹತ್ತು, ಹದಿನಾಲ್ಕರ ಮಕ್ಕಳದ್ದು.

ಪಡಸಾಲೆಯ ಎಡಬದಿಯಲ್ಲಿ ಅವತ್ತು ಭೇಟಿಗೆ ಬಂದವರು ಕೂತಿದ್ದರು. ನೆಲಕ್ಕೆ ನವಲಗುಂದದ ಹಳೆಯ ಜಮಖಾನೆ. ಅಂಚು ಸವೆದಿದೆ, ನಡುವಿನ ಪಗಡೆ ಪಟ್ಟಿನ ಚೌಕಗಳು ಇನ್ನೂ ಗಟ್ಟಿಯಾಗಿವೆ. ಮೊಮ್ಮಗಳ ತಲೆ ಬಾಚುತ್ತಿದ್ದ ಆಯಿಯೊಬ್ಬರ ಬಾಯಲ್ಲಿ ರಿಬ್ಬನ್ನು, ಮಡಿಲಲ್ಲಿ ಬಸ್ಸಿನ ಶೂನ್ಯ ದರದ ಟಿಕೆಟ್ಟು. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ಇಲ್ಲಿಗೆ ಬರುವ ಆಯಿಗಳು ಹೆಚ್ಚಾದರು ಎಂದು ಅಕ್ಕೋರ ಲೆಕ್ಕ. ಯೋಜನೆಯ ಬಗ್ಗೆ ಪರ ವಿರೋಧ ಬೇಕಾದಷ್ಟು ಓದಿದ್ದೇನೆ, ಈ ಸಂಗತಿ ಎಲ್ಲೂ ಓದಿರಲಿಲ್ಲ. ಮೊದಲು ಹಬ್ಬಕ್ಕೊಮ್ಮೆ ಬರುತ್ತಿದ್ದವರು ಈಗ ಕೂಲಿ ಇಲ್ಲದ ದಿನ ಬಂದುಬಿಡುತ್ತಾರಂತೆ. ಬುತ್ತಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಒಳಗೆ ಕೊಡುವ ಮೊದಲು ಮೇಲ್ವಿಚಾರಕಿ ಒಂದನ್ನು ಮುರಿದು ನೋಡಿದರು. ಆಯಿಗೆ ಅದು ಸೇರಲಿಲ್ಲ ಅನ್ನುವುದು ಮುಖದಲ್ಲೇ ಗೊತ್ತಾಯಿತು.

ಬಲಬದಿಗೆ ಒಂದು ಕೋಣೆ. ಮಕ್ಕಳ ಕಲ್ಯಾಣ ಸಮಿತಿ ತಪಾಸಣೆಗೆ ಬಂದಾಗ ಕೂರುವುದು ಇಲ್ಲಿ. ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯಷ್ಟು ಅಧಿಕಾರ ಇವರಿಗೆ. ಅಷ್ಟಿದ್ದರೂ ಎತ್ತರದ ಪೀಠ ಇಲ್ಲ, ಕಟಕಟೆ ಇಲ್ಲ. ನಿಯಮವೇ ಹಾಗೆ: ಮಗುವಿಗೂ ಸಮಿತಿಗೂ ನಡುವೆ ಅಡ್ಡಗಟ್ಟೆ ಇರಬಾರದು. ದುಂಡು ಮೇಜು, ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಒಂದು ಬುಟ್ಟಿ ಆಟಿಕೆ. ಆಟಿಕೆಗಳು ಹೊಸದಾಗಿಯೇ ಇದ್ದವು. ಜೋಪಾನ ಮಾಡಿದ್ದಾರೋ, ಯಾರೂ ಮುಟ್ಟುವುದಿಲ್ಲವೋ ತಿಳಿಯಲಿಲ್ಲ.

ಗೋಡೆಗೆ ಎರಡು ಗೋದ್ರೇಜ್ ಕಪಾಟು. ಮಗುವಿಗೊಂದು ಕಡತ. ಮಗು ಸಿಕ್ಕ 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರು, 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ, ನಾಲ್ಕು ತಿಂಗಳೊಳಗೆ ಅಂತಿಮ ಆದೇಶ, ನಡುವೆ ವೈಯಕ್ತಿಕ ಪಾಲನಾ ಯೋಜನೆ. ಕಾಗದದ ಮಟ್ಟಿಗೆ ಅಚ್ಚುಕಟ್ಟಾದ ವ್ಯವಸ್ಥೆ. ಅಕ್ಕೋರು ಈ ಕಪಾಟಿನ ಮುಂದೆ ನಿಂತು ಹೇಳಿದ ಮಾತು ಇಡೀ ದಿನ ನನ್ನ ತಲೆಯಲ್ಲಿ ಉಳಿಯಿತು: “ಕಡತ ಇಲ್ಲೇ ಇರ್ತಾವ್ರೀ. ಬರದವ್ರು ಹೋಗ್ತಾರ.” ಸಮಿತಿಯ ಅವಧಿ ಮೂರು ವರ್ಷ. ಮೇಲ್ವಿಚಾರಕಿಗೆ ವರ್ಗ ಆಗುತ್ತದೆ. ಸಮಾಜ ಕಾರ್ಯಕರ್ತೆ ಗುತ್ತಿಗೆಯವಳು, ಒಳ್ಳೆಯ ಕೆಲಸ ಸಿಕ್ಕರೆ ಬಿಟ್ಟು ಹೋಗುತ್ತಾಳೆ, ಹೋಗಬಾರದು ಅನ್ನಲು ನಾವ್ಯಾರು. ಎಂಟು ವರ್ಷಕ್ಕೆ ಒಳಗೆ ಬಂದ ಹುಡುಗಿ ಹದಿನೆಂಟಕ್ಕೆ ಹೊರಡುವಾಗ ಅವಳು ಮೊದಲ ದಿನ ಹೇಗಿದ್ದಳು ಎಂದು ಹೇಳಬಲ್ಲವರು ಕಟ್ಟಡದಲ್ಲಿ ಅಡುಗೆಯವರನ್ನು ಬಿಟ್ಟು ಯಾರೂ ಇರುವುದಿಲ್ಲ.

ನೋಟುಪುಸ್ತಕ ಇರುವುದು ಅದಕ್ಕೆ. ಒಂದು ಪುಟವನ್ನು, ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, ನನಗೆ ತೋರಿಸಿದರು. ‘ಎಡಗಿವಿ ಮಂದ. ಶಾಲ್ಯಾಗ ಬಲಕ್ಕ ಕೂಡ್ರಸಾಕ ಹೇಳಬೇಕು.’ ‘ಚಪ್ಪಲಿ ತಲೆದಿಂಬಿನ ಕೆಳಗ ಇಟಗೊಂಡು ಮಲಗ್ತಾಳ. ಬೈಬ್ಯಾಡ್ರಿ ಅಂತ ಆಯಾಗ ಹೇಳೀನಿ.’ ‘ತಮ್ಮನ ಹುಟ್ಟಿದ ದಿನ ಕೇಳಿದ್ಲು. ಪತ್ತೆ ಹಚ್ಚಬೇಕು.’ ‘ಟಿ.ಸಿ. ಇನ್ನೂ ಬಂದಿಲ್ಲ, ಹಳೇ ಶಾಲಿ ಹೆಡ್‌ಮಾಸ್ತರಿಗೆ ಮತ್ತ ಫೋನ್.’ ಇವುಗಳಲ್ಲಿ ಕಡತದಲ್ಲಿ ಇರುವುದು ಟಿ.ಸಿ. ವಿಷಯ ಒಂದೇ. ಚಪ್ಪಲಿಗೆ ಯಾವ ನಮೂನೆಯಲ್ಲೂ ಜಾಗವಿಲ್ಲ. ಮಗುವಿನ ಪರ ನಿಲ್ಲುವುದು ಎಂದರೆ ಸಮಿತಿಯ ಮುಂದೆ ಗಟ್ಟಿಯಾಗಿ ವಾದಿಸುವುದು ಎಂದುಕೊಂಡವರಿಗೆ ಈ ಪುಸ್ತಕ ನಿರಾಸೆ ಮಾಡೀತು. ಅರ್ಧಕ್ಕರ್ಧ ಪುಟ ಜನನ ಪ್ರಮಾಣಪತ್ರ, ಆಧಾರ್ ತಿದ್ದುಪಡಿ, ಜಾತಿ ಆದಾಯ ಪತ್ರ, ನಾಡಕಚೇರಿಯ ಅರ್ಜಿ ಸಂಖ್ಯೆ.

ತಮ್ಮನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇದು ಬಾಲಕಿಯರ ಮನೆ. ಹತ್ತು ವರ್ಷದೊಳಗಿನ ಗಂಡುಮಕ್ಕಳನ್ನೂ ಇಟ್ಟುಕೊಳ್ಳಬಹುದು, ಮಲಗುವ ವ್ಯವಸ್ಥೆ ಬೇರೆ ಇದ್ದರಾಯಿತು. ಹತ್ತು ದಾಟಿದ ಹುಡುಗ ಬಾಲಕರ ಮನೆಗೆ ಹೋಗಬೇಕು, ಅದು ಬೇರೆ ಊರು. ಬಾಲನ್ಯಾಯ ಕಾಯ್ದೆಯ 44ನೇ ಕಲಂ, ಮಗುವನ್ನು ಸಾಕುಮನೆಗೆ ಕೊಡುವಾಗ ಒಡಹುಟ್ಟಿದವರನ್ನು ಆದಷ್ಟೂ ಒಟ್ಟಿಗೇ ಇಡಬೇಕು ಎನ್ನುತ್ತದೆ. ಹಾಗಾಗಿ ಯಾವುದೋ ಮನೆಯವರು ಸಾಕಲು ಒಪ್ಪಿದರೆ ಅಕ್ಕತಮ್ಮ ಜತೆಗಿರುತ್ತಾರೆ, ಯಾರೂ ಒಪ್ಪದಿದ್ದರೆ ಹುಡುಗನ ಹತ್ತನೇ ಹುಟ್ಟುಹಬ್ಬಕ್ಕೆ ಬೇರೆಯಾಗುತ್ತಾರೆ. ಅಂಥ ಒಂದು ಜೋಡಿಯನ್ನು ತಿಂಗಳಿಗೊಮ್ಮೆ ಮುಖಾಮುಖಿ ಮಾಡಿಸಬೇಕು ಎಂದು ಅಕ್ಕೋರು ಸಮಿತಿಗೆ ಅರ್ಜಿ ಬರೆದರು, ಅರ್ಜಿ ಮಂಜೂರಾಯಿತು. ಮಂಜೂರಾದ ಮೇಲೆ ಉಳಿದದ್ದು ಹುಡುಗನನ್ನು ಕರೆತರುವವರು ಯಾರು, ರವಿವಾರ ಸಿಬ್ಬಂದಿ ಎಲ್ಲಿಂದ, ಬಸ್ಸಿನ ಖರ್ಚು ಯಾವ ಲೆಕ್ಕಕ್ಕೆ ಎಂಬ ಪ್ರಶ್ನೆಗಳು. ಈಗ ಅದು ನಡೆಯುತ್ತಿದೆ. ಆ ಹುಡುಗನಿಗೆ ಹಾಫ್ ಟಿಕೆಟ್ಟು ಸಾಕು ಎಂದು ಅಕ್ಕೋರು ಕಂಡಕ್ಟರಿಗೆ ವಯಸ್ಸಿನ ಪುರಾವೆ ತೋರಿಸುತ್ತಾರಂತೆ.

ಕೋಣೆಯಿಂದ ಹಿಂದಕ್ಕೆ ಹೋದರೆ ಮಲಗುವ ಸಭಾಂಗಣ. ಎರಡು ಸಾಲು ಮಂಚ, ಮಂಚದ ಕೆಳಗೆ ಟ್ರಂಕು, ಟ್ರಂಕಿಗೆ ಬೀಗ. ಬೀಗದ ಕೈ ಮಕ್ಕಳ ಕೊರಳ ದಾರದಲ್ಲಿ. ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಬಚ್ಚಲು ಇರಬೇಕೆಂಬ ನಿಯಮ ನನಗೆ ಗೊತ್ತಿತ್ತು, ಎಣಿಸಿದೆ, ಸರಿ ಇತ್ತು. ಒಂದರ ಚಿಲಕ ಮುರಿದಿತ್ತು. ಅಕ್ಕೋರು ಅದನ್ನೂ ಬರೆದುಕೊಂಡರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಪುಂಡಿಪಲ್ಯದ ಹುಳಿ ವಾಸನೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಕೆಲಸದವರಿಗೆ ಅಡ್ಡವಾಗುತ್ತಿತ್ತು.

ಊಟದ ಮನೆಯಿಂದ ಹಿತ್ತಲಿಗೆ ಹೋಗುವ ಓಣಿಯಲ್ಲಿ ಒಂದು ಪೆಟ್ಟಿಗೆ ತೂಗುಹಾಕಿದ್ದಾರೆ. ದೂರು ಸಲಹೆ ಪೆಟ್ಟಿಗೆ. ಕಚೇರಿಯಿಂದ ದೂರ, ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆ ಇರಬೇಕು ಎನ್ನುವುದು ನಿಯಮ. ಇಲ್ಲಿ ಹಾಗೇ ಇದೆ. ಆದರೆ ಎದುರಿಗೇ ನೀರಿನ ಫಿಲ್ಟರ್ ಇರುವುದರಿಂದ ಸದಾ ಯಾರಾದರೂ ನಿಂತಿರುತ್ತಾರೆ. ಚೀಟಿ ಹಾಕುವ ಮಗು ನಾಲ್ಕು ಮಂದಿಯ ಕಣ್ಣಿಗೆ ಬಿದ್ದೇ ಹಾಕಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರೇ ಇದನ್ನು ತೆರೆಯುತ್ತಾರೆ. ಮಕ್ಕಳ ಸಮಿತಿ ಎಂದರೆ ಮಕ್ಕಳದ್ದೇ: ಆರರಿಂದ ಹತ್ತರವರದೊಂದು, ಹನ್ನೊಂದರಿಂದ ಹದಿನೈದರವರದೊಂದು, ಅದಕ್ಕೂ ದೊಡ್ಡವರದೊಂದು. ಹೆಚ್ಚು ಬರುವ ಚೀಟಿ ಯಾವುದು ಎಂದು ಕೇಳಿದೆ. “ಸಾರಿಗೆ ಖಾರ ಕಡಿಮಿ ಅಂತ,” ಎಂದು ಹನ್ನೆರಡರ ಹುಡುಗಿಯೊಬ್ಬಳು ತಾನೇ ಉತ್ತರಿಸಿದಳು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಇದು ಹಗುರಾದ ದೂರಲ್ಲ. ನನ್ನನ್ನು ನಗಿಸಲು ಹೇಳಿದಳೋ, ಬೇರೆ ಏನನ್ನೋ ಹೇಳದಿರಲು ಹೇಳಿದಳೋ, ನನಗೆ ಖಾತ್ರಿಯಿಲ್ಲ.

ಹಿತ್ತಲಲ್ಲಿ ಬೇವಿನ ಮರ, ಸುತ್ತ ಕಟ್ಟೆ. ಅಲ್ಲಿ ಕೂತು ಸಾಕುಮನೆಗಳ ಮಾತು ಶುರುವಾಯಿತು. ಕಚೇರಿಯ ಕಾಗದದಲ್ಲಿ ಇದು ‘ತಾತ್ಕಾಲಿಕ ಪೋಷಕತ್ವ’, ಮಾತಿನಲ್ಲಿ ಎಲ್ಲರೂ ಫಾಸ್ಟರ್ ಕೇರ್ ಎಂದೇ ಅನ್ನುತ್ತಾರೆ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಸಮಿತಿಯವರು ತಿಂಗಳಿಗೊಮ್ಮೆ ಆ ಮನೆಗೆ ಹೋಗಿ ಮಗುವನ್ನು ನೋಡಿ ಬರಬೇಕು. 2024ರ ಮಾದರಿ ಮಾರ್ಗಸೂಚಿ ಬಂದ ಮೇಲೆ ಒಂಟಿ ಮಹಿಳೆಯರೂ ಪುರುಷರೂ ಅರ್ಜಿ ಹಾಕಬಹುದು, ಪುರುಷರಿಗೆ ಗಂಡುಮಕ್ಕಳನ್ನು ಮಾತ್ರ ಕೊಡುತ್ತಾರೆ. ಎರಡು ವರ್ಷ ಸಾಕಿದ ಮೇಲೆ ಮಗು ದತ್ತಕ್ಕೆ ಮುಕ್ತವಾಗಿದ್ದರೆ ಅದೇ ಮನೆಯವರು ದತ್ತು ಕೇಳಬಹುದು. ಮೊದಲು ಈ ಅವಧಿ ಐದು ವರ್ಷವಿತ್ತು.

ಅಷ್ಟೆಲ್ಲ ಇದ್ದೂ ಹಳ್ಳಿಯಲ್ಲಿ ಮನೆಗಳು ಸಿಗುವುದಿಲ್ಲವೇಕೆ? ಕೇಳಿದ್ದಕ್ಕೆ ಅಕ್ಕೋರು, ಸಾಕುವುದು ನಮ್ಮವರಿಗೆ ಹೊಸದಲ್ಲ ಎಂದು ಮೊದಲು ಹೇಳಿದರು. ತಾಯಿ ಸತ್ತರೆ ಮಗು ಸೋದರಮಾವನ ಮನೆಗೆ ಹೋಗುತ್ತದೆ. ಗಂಡಹೆಂಡಿರು ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋದರೆ ಆಯಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಇಂಥ ಮನೆ ಹೆಚ್ಚು. ಯಾವ ಆದೇಶವೂ ಇಲ್ಲದೆ ಇಡೀ ಸೀಮೆ ಬೇರೆಯವರ ಮಕ್ಕಳನ್ನು ಸಾಕಿದೆ. ತೊಡಕು ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ನಂಟರಲ್ಲದವರ ಮಗುವನ್ನು ಕೇಳಿಕೊಂಡು ಬರುವವರಲ್ಲಿ ಕೆಲವರು ಹತ್ತು ದಾಟಿದ ಹುಡುಗಿಯೇ ಬೇಕು ಅನ್ನುತ್ತಾರೆ. ಮನೆಯಲ್ಲಿ ಬಾಣಂತಿ ಇರುತ್ತಾಳೆ, ಇಲ್ಲ ಹಾಸಿಗೆ ಹಿಡಿದ ಅತ್ತೆ ಇರುತ್ತಾಳೆ. ಹುಡುಗ ಬೇಕೆನ್ನುವವರ ಮನೆಯಲ್ಲಿ ಕುರಿ ಹಿಂಡು ಇರುತ್ತದೆ.

“ಮನಿ ಒಳಗ ಹೋದಕೂಡ್ಲೆ ನಾ ಹುಡುಗಿ ಕೈ ನೋಡತೀನ್ರೀ,” ಎಂದರು. ಬೆರಳ ಸಂದಿ ಸೋಪಿನ ಪುಡಿಗೆ ಬೆಂದಿದೆಯೇ. ಆಮೇಲೆ ಶಾಲೆಯ ಚೀಲ ಎಲ್ಲಿ ತೂಗುಹಾಕಿದೆ, ಪುಸ್ತಕದ ಮೇಲೆ ಯಾವ ತಾರೀಖಿನ ಬರಹವಿದೆ. ಮನೆಯ ಮಕ್ಕಳು ಎಲ್ಲಿ ಮಲಗುತ್ತಾರೆ, ಇವಳು ಎಲ್ಲಿ. ಚಹಾ ತಂದುಕೊಡುವವರು ಯಾರು. ಇದರಲ್ಲಿ ಒಂದನ್ನೂ ಬಾಯಿಬಿಟ್ಟು ಕೇಳುವುದಿಲ್ಲ, ಚಹಾ ಕುಡಿದು ಮುಗಿಸುವುದರೊಳಗೆ ನೋಡಿಕೊಳ್ಳುತ್ತಾರೆ. ನನಗೆ ಒಂದು ಅನುಮಾನ ಇತ್ತು, ಕೇಳಿಯೂ ಬಿಟ್ಟೆ: ರೈತರ ಮನೆಯಲ್ಲಿ ಹೆತ್ತ ಮಗಳೂ ಪಾತ್ರೆ ತಿಕ್ಕುತ್ತಾಳೆ, ಕಳೆ ಕೀಳಲು ಹೋಗುತ್ತಾಳೆ, ಗೆರೆ ಎಳೆಯುವುದು ಎಲ್ಲಿ? ಅವರು ಸ್ವಲ್ಪ ಹೊತ್ತು ಯೋಚಿಸಿ, ಹೆತ್ತ ಮಗಳು ‘ಒಲ್ಲೆ’ ಅನ್ನುತ್ತಾಳೆ, ಇವಳೂ ಅನ್ನುತ್ತಾಳೇನು ಎಂದು ನೋಡುತ್ತೇನೆ ಎಂದರು. ಯಾವ ಮಾರ್ಗಸೂಚಿಯಲ್ಲೂ ಇಷ್ಟು ನೇರವಾದ ಅಳತೆಗೋಲು ನಾನು ಓದಿಲ್ಲ.

ಮಕ್ಕಳ ಮನೆಗೆ ಬರುವುದನ್ನೇ ತಪ್ಪಿಸುವ ದಾರಿಯೂ ಇದೆ, ಅದು ಪ್ರಾಯೋಜಕತ್ವ. ಗಂಡ ಸತ್ತ, ಬಿಟ್ಟುಹೋದ ಹೆಣ್ಣುಮಗಳಿಗೆ, ಸಾಕುತ್ತಿರುವ ಆಯಿಗೆ ಮಗುವಿನ ಹೆಸರಲ್ಲಿ ಅದೇ 4,000 ರೂಪಾಯಿ. ಗ್ರಾಮೀಣ ಭಾಗದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಕೋವಿಡ್‌ನಲ್ಲಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ತಿಂಗಳಿಗೆ 3,500 ರೂಪಾಯಿಯ ಬಾಲಸೇವಾ ಯೋಜನೆ ತಂದಿತು. ಪಡಸಾಲೆಯಲ್ಲಿ ತಲೆ ಬಾಚುತ್ತಿದ್ದ ಆಯಿ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿದ್ದಾರೆ. ಹಣ ಶುರುವಾದರೆ ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಆದಾಯ ಪ್ರಮಾಣಪತ್ರದಲ್ಲಿ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಒಂದು ಕಡೆ ಮನೆತನದ ಹೆಸರು ಸೇರಿದೆ, ಇನ್ನೊಂದು ಕಡೆ ಇಲ್ಲ. ಆ ಒಂದು ಹೆಸರಿಗೆ ಕೂಸು ಟ್ರಂಕಿನ ಬೀಗದ ಕೈ ಕೊರಳಿಗೆ ಹಾಕಿಕೊಂಡು ಇಲ್ಲಿದೆ ಎಂದಾಗ ನನಗೆ ಸಿಟ್ಟು ಬಂತು. ಅಕ್ಕೋರಿಗೆ ಬರಲಿಲ್ಲ. ಸೋಮವಾರ ನಾಡಕಚೇರಿಗೆ ಹೋಗುವವರು ಅವರು.

ಕಟ್ಟೆಯಿಂದ ಎದ್ದು ಬರುವಾಗ ಹೊಲಿಗೆ ಯಂತ್ರಗಳ ಕೋಣೆ ಸಿಕ್ಕಿತು. ಹದಿನೇಳು ದಾಟಿದ ಹುಡುಗಿಯೊಬ್ಬಳು ಜಂಪರಿಗೆ ಕಾಜಾ ಹಾಕುತ್ತಿದ್ದಳು. ಹದಿನೆಂಟು ತುಂಬಿದರೆ ಇಲ್ಲಿರುವಂತಿಲ್ಲ. ಬಾಲನ್ಯಾಯ ಕಾಯ್ದೆಯ 46ನೇ ಕಲಮಿನಡಿ ಅನಂತರದ ಆರೈಕೆ ಎಂದು ಇಪ್ಪತ್ತೊಂದರವರೆಗೆ ನೆರವು ಕೊಡಬಹುದು, ಆದರೆ ಅದಕ್ಕೆ ಬ್ಯಾಂಕ್ ಖಾತೆ, ಮುಂದಿನ ಓದಿನ ಇಲ್ಲವೇ ತರಬೇತಿಯ ಕಾಗದ ಈಗಿನಿಂದಲೇ ಜೋಡಿಸಬೇಕು. ಅವಳ ಕೈಯಲ್ಲಿ ಬ್ಯಾಂಕಿನ ಅರ್ಜಿ ಇತ್ತು. ಕಾಯಂ ವಿಳಾಸದ ಸಾಲು ಖಾಲಿ.

“ಇಲ್ಲಿ ಏನ ಬರೀಲ್ರಿ ಅಕ್ಕೋರ?”

“ಸದ್ಯಕ್ಕ ಇಲ್ಲೀದ ಬರಿ. ಹಾಸ್ಟೆಲ್ ಸಿಕ್ಕಮ್ಯಾಲ ಬದಲಿ ಮಾಡ್ಸೋಣು.”

“ಮತ್ತ ಅಲ್ಲಿಂದ ಬಿಟ್ರ?”

“ಅವಾಗೂ ಮಾಡ್ಸೋಣು. ಫಾರ್ಮ್ ಫ್ರೀ ಅದ ಅವ್ವಿ.”

ಅವಳು ನಕ್ಕು, ದುಂಡು ಅಕ್ಷರದಲ್ಲಿ ಬರೆಯತೊಡಗಿದಳು. ಆಧಾರ್ ಪ್ರತಿ ಬೇಕಾಗಿತ್ತು, ಮೂಲ ಕಾರ್ಡನ್ನು ಮೇಲ್ವಿಚಾರಕಿಯಿಂದ ಸಹಿ ಹಾಕಿ ಪಡೆದು ಅಕ್ಕೋರು ಚೀಲಕ್ಕೆ ಹಾಕಿಕೊಂಡರು.

ಗೇಟಿನ ಹತ್ತಿರ ಹೋದ ವೇಳೆ ಬರೆಯುವಾಗ, ಯಾರಾದರೂ ಈ ಕೆಲಸಕ್ಕೆ ಬರಬೇಕೆಂದರೆ ಏನು ಮಾಡಬೇಕು ಎಂದು ಕೇಳಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಾಲ್ಲೂಕು ನ್ಯಾಯಾಲಯದ ಕಾನೂನು ನೆರವಿನ ಕಚೇರಿಗೋ ಅರ್ಜಿ, ಪೊಲೀಸ್ ಪರಿಶೀಲನೆ, ಆಮೇಲೆ ತರಬೇತಿ ಎಂದು ಒಂದೇ ಉಸಿರಿಗೆ ಹೇಳಿದರು. ಓದಿದವರು, ಕಾಲೇಜು ಹುಡುಗರು ಉತ್ಸಾಹದಿಂದ ಬರುತ್ತಾರಂತೆ, ಕೇಕು ತಂದು ಮಕ್ಕಳ ಜತೆ ತಮ್ಮ ಹುಟ್ಟುಹಬ್ಬ ಮಾಡಿಕೊಂಡು ಹೋಗುತ್ತಾರಂತೆ. “ಒಂದ ಮಗೂನ ಹಿಡೀರಿ, ಐದು ವರ್ಷ ಬಿಡಬ್ಯಾಡ್ರಿ ಅಂದ್ರ ಆವಾಗ ಕಡಿಮಿ ಆಗ್ತಾರ,” ಎಂದರು. ನನಗೆ ಐದು ವರ್ಷ ಆದೀತೇ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿರಲಿಲ್ಲ. ರವಿವಾರ ಝೆರಾಕ್ಸ್ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ ಎಂದು ಬಸ್ ನಿಲ್ದಾಣದ ಕಡೆ ಬೇಗಬೇಗ ಹೆಜ್ಜೆ ಹಾಕಿದರು.